ಜಪ್ತಿಯಾದ ಪಟಾಕಿ, ಬಿಚ್ಚಿಟ್ಟ ಮದ್ದು: ವೈಕೆಲೆ ಸ್ಫೋಟ ಪ್ರಕರಣ

2011ರ ಏಪ್ರಿಲ್ 8ರ ಬೆಳಿಗ್ಗೆ ಅಮೆರಿಕದ ಹವಾಯಿ ರಾಜ್ಯದ ಓಆಹು ದ್ವೀಪದಲ್ಲಿ, ವೈಕೆಲೆ ಎಂಬಲ್ಲಿ, ಬೆಟ್ಟ ಕೊರೆದು ಮಾಡಿದ ಒಂದು ಗೋದಾಮಿನಲ್ಲಿ ಪಟಾಕಿ ಮದ್ದು ಸ್ಫೋಟಿಸಿ ಐದು ಜನ ಕೆಲಸಗಾರರು ಸತ್ತರು. ಆ ಹೊತ್ತಿಗೆ ಹೊರಗಿದ್ದ ಒಬ್ಬರು ಬದುಕಿ ಉಳಿದರು. ಅದು ಪಟಾಕಿ ಕಾರ್ಖಾನೆ ಆಗಿರಲಿಲ್ಲ, ಅಂಗಡಿಯೂ ಆಗಿರಲಿಲ್ಲ. ಸರ್ಕಾರ ಜಪ್ತಿ ಮಾಡಿದ್ದ ಪಟಾಕಿಯನ್ನು ನಾಶ ಮಾಡುವುದು ಅವರಿಗೆ ವಹಿಸಿದ್ದ ಕೆಲಸ.

ಪಟಾಕಿ ದುರಂತ ಅಂದ ಕೂಡಲೇ ಯಾರೋ ಕಡ್ಡಿ ಗೀರಿರಬೇಕು, ಲೈಸೆನ್ಸ್ ಇರಲಿಲ್ಲವಂತೆ, ಕೆಲಸ ಗೊತ್ತಿಲ್ಲದವರು ಇದ್ದರಂತೆ ಎಂಬ ಮಾತು ಬರುತ್ತದೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ವೈಕೆಲೆ ಪ್ರಕರಣವನ್ನು ಹಾಗೆ ಮುಗಿಸಲು ಆಗುವುದಿಲ್ಲ. ಇಲ್ಲಿ ಗುತ್ತಿಗೆ ಪತ್ರ ಇತ್ತು, ಸುಡಲು ಅನುಮತಿ ಇತ್ತು, ಕೆಲಸದ ವಿಧಾನ ಬರೆದಿಟ್ಟಿತ್ತು, ಸ್ಫೋಟಕ ಮುಟ್ಟಿ ಗೊತ್ತಿದ್ದ ಜನ ಇದ್ದರು. ಆದರೆ ಆ ವಿಧಾನ ಕೆಲಸದ ನಡುವೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಾ ಹೋಯಿತು, ಪ್ರತಿ ಬದಲಾವಣೆಗೂ ಯಾರಾದರೂ ಒಪ್ಪುವಂಥ ಕಾರಣವೇ ಇತ್ತು, ಹಾಗಾಗಿ ಈ ಬದಲಾವಣೆಯಿಂದ ಹೊಸದಾಗಿ ಯಾವ ಅಪಾಯ ಬಂತು ಎಂದು ಕೂತು ನೋಡುವ ಕೆಲಸ ಆಗಲೇ ಇಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಪಟಾಕಿ ತಯಾರಿಸುವವರು, ಸಾಗಿಸುವವರು, ಹಾರಿಸಿ ಪರೀಕ್ಷೆ ಮಾಡುವವರು ಎಲ್ಲರೂ ಇದನ್ನು ನಿಧಾನವಾಗಿ ಓದಬೇಕು.

ಪಟಾಕಿ ಅಲ್ಲಿಗೆ ಬಂದದ್ದು ಹೇಗೆ

ಹವಾಯಿಗೆ ಅಕ್ರಮವಾಗಿ ಬಂದ ಪಟಾಕಿಯನ್ನು ಕೇಂದ್ರದ ಅಧಿಕಾರಿಗಳು ಹಿಡಿದಿದ್ದರು. ಪೆಟ್ಟಿಗೆಗಳ ಮೇಲೆ 1.4ಜಿ ಎಂಬ ಲೇಬಲ್ ಇತ್ತು, ಅಂದರೆ ಸಾಮಾನ್ಯ ಜನ ಕೊಂಡು ಹಚ್ಚಬಹುದಾದ ಪಟಾಕಿ. ಒಳಗಿದ್ದವುಗಳಲ್ಲಿ ಕೆಲವು ನಿಜಕ್ಕೂ 1.3ಜಿ ವರ್ಗದವು. ಇವು ದೊಡ್ಡ ಪ್ರದರ್ಶನಗಳಲ್ಲಿ ತರಬೇತಿ ಪಡೆದವರು ಮಾತ್ರ ಹಾರಿಸಬೇಕಾದವು.

ಜಪ್ತಿ ಮಾಡಿದ ವಸ್ತುಗಳನ್ನು ನೋಡಿಕೊಳ್ಳಲು ಅಮೆರಿಕದ ಖಜಾನೆ ಇಲಾಖೆ ವಿಎಸ್ಇ ಕಾರ್ಪೊರೇಷನ್ ಎಂಬ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಪಟಾಕಿ ಇಟ್ಟುಕೊಳ್ಳುವುದು ಮತ್ತು ನಾಶ ಮಾಡುವುದನ್ನು ಅದು ಡೊನಾಲ್ಡ್‌ಸನ್ ಎಂಟರ್‌ಪ್ರೈಸಸ್ ಎಂಬ ಸ್ಥಳೀಯ ಕಂಪನಿಗೆ ಉಪಗುತ್ತಿಗೆಯಾಗಿ ವಹಿಸಿತು. ಈ ಕಂಪನಿಯವರು ಸೇನೆಯ ಸಿಡಿಯದೆ ಉಳಿದ ಬಾಂಬು, ಗುಂಡುಗಳನ್ನು ತೆರವು ಮಾಡುವುದರಲ್ಲಿ ಪಳಗಿದವರು. ಪಟಾಕಿ ಅವರ ಕ್ಷೇತ್ರ ಆಗಿರಲಿಲ್ಲ. ಸುಮ್ನೆ ನೋಡಿದರೆ ಬಾಂಬು ನೋಡಿದವರಿಗೆ ಪಟಾಕಿ ಯಾವ ಲೆಕ್ಕ ಅನಿಸುತ್ತದೆ, ಅಲ್ವಾ? ಆ ಅನಿಸಿಕೆಯೇ ತಪ್ಪು. ಸೇನೆಯ ಬಹುಪಾಲು ಸ್ಫೋಟಕಗಳನ್ನು ಪೆಟ್ಟು, ಉಜ್ಜಾಟ ತಡೆದುಕೊಳ್ಳುವಂತೆ ಮಾಡಿರುತ್ತಾರೆ, ಯುದ್ಧದಲ್ಲಿ ಎತ್ತಿ ಹಾಕಿದರೂ ಕೈಯಲ್ಲೇ ಸಿಡಿಯಬಾರದು ಎಂದು. ಪಟಾಕಿ ಮದ್ದನ್ನು ಮಾಡುವುದು ಸುಲಭವಾಗಿ ಹೊತ್ತಿಕೊಳ್ಳಲಿ ಎಂದೇ. ಒಂದರ ಅನುಭವ ಇನ್ನೊಂದಕ್ಕೆ ಹಾಗೇ ವರ್ಗ ಆಗುವುದಿಲ್ಲ.

ಗೋದಾಮು ಹಿಂದೆ ಅಮೆರಿಕದ ನೌಕಾಪಡೆ ಮದ್ದುಗುಂಡು ಇಡುತ್ತಿದ್ದ ಸುರಂಗಗಳಲ್ಲಿ ಒಂದು. ಬೆಟ್ಟದೊಳಗೆ ಕೊರೆದ ಉದ್ದನೆಯ ಕೋಣೆ, ಮುಂದೆ ಬಾಗಿಲು. ಇಟ್ಟ ಸ್ಫೋಟಕ ಸಿಡಿದರೆ ಹೊರಗಿನವರಿಗೆ ಏನೂ ಆಗದಿರಲಿ ಎಂಬ ಲೆಕ್ಕದ ಕಟ್ಟಡ ಅದು. ಒಳಗೆ ಕೂತು ಕೆಲಸ ಮಾಡುವವರಿಗಾಗಿ ಕಟ್ಟಿದ್ದಲ್ಲ.

ಕೆಲಸ ಬದಲಾದ ಬಗೆ

ಮೊದಲಿನ ಯೋಜನೆ ಸರಳವಾಗಿತ್ತು. ಪಟಾಕಿಯನ್ನು ಡೀಸೆಲ್‌ನಲ್ಲಿ ನೆನೆಸುವುದು, ಶೂಟಿಂಗ್ ರೇಂಜ್ ಇದ್ದ ಬಯಲಿಗೆ ಒಯ್ದು ಸುಡುವುದು. ಡೀಸೆಲ್ ಹೀರಿಕೊಂಡ ಮದ್ದು ಸಿಡಿಯುವುದು ಕಡಿಮೆ, ಉರಿಯುವುದು ಜಾಸ್ತಿ. ವಿಚಾರ ಸರಿಯೇ ಇತ್ತು.

ಆದರೆ ಆಕಾಶದಲ್ಲಿ ಒಡೆಯುವ ಶೆಲ್‌ಗಳ ಹೊದಿಕೆ ಗಟ್ಟಿ. ಡೀಸೆಲ್ ಒಳಗೆ ಸರಿಯಾಗಿ ಇಳಿಯಲಿಲ್ಲ. ಸುಡುವಾಗ ಕೆಲವು ಸಿಡಿದವು. ಆಗ ಮೊದಲ ಬದಲಾವಣೆ ಬಂತು: ಶೆಲ್‌ಗಳನ್ನು ಕೊಯ್ದು ಸೀಳು ಮಾಡುವುದು, ಡೀಸೆಲ್ ಬೇಗ ಒಳಗಿಳಿಯಲಿ ಎಂದು. ಸುಡುವ ಜಾಗದ ಅಪಾಯ ಕಡಿಮೆ ಮಾಡಲು ಹೋಗಿ ಕೈಯಲ್ಲಿ ಹಿಡಿದು ಕೊಯ್ಯುವ ಅಪಾಯ ಹೊಸದಾಗಿ ಹುಟ್ಟಿತು. ಬಯಲಲ್ಲಿ ದೂರದಿಂದ ನೋಡುತ್ತಿದ್ದ ಸಮಸ್ಯೆ ಮಡಿಲಿಗೆ ಬಂತು.

ಆಮೇಲೆ ಇನ್ನೊಂದು ಬದಲಾವಣೆ. ಕೆಲಸ ಬೇಗ ಸಾಗಲಿ ಎಂದು ಪಟಾಕಿಯ ಕೊಳವೆಗಳನ್ನು ಬಿಚ್ಚಿ, ಶೆಲ್‌ಗಳನ್ನು ಒಂದು ಕಡೆ, ಅವುಗಳನ್ನು ಮೇಲಕ್ಕೆ ಹಾರಿಸುವ ಕಪ್ಪು ಮದ್ದನ್ನು ಇನ್ನೊಂದು ಕಡೆ ತುಂಬತೊಡಗಿದರು. ತುಂಬಿದ್ದು ಒಳಗೆ ಪ್ಲಾಸ್ಟಿಕ್ ಚೀಲ ಹಾಸಿದ ರಟ್ಟಿನ ಪೆಟ್ಟಿಗೆಗಳಿಗೆ. ಬಿಚ್ಚಿದ್ದನ್ನೆಲ್ಲ ಆಗಿಂದಾಗ್ಗೆ ಸುಟ್ಟು ಮುಗಿಸಲಿಲ್ಲ. ಅದು ಗೋದಾಮಿನಲ್ಲೇ ಸೇರುತ್ತಾ ಹೋಯಿತು.

ಈ ಹಂತದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಹೊರಗಿನವರಿಗೆ ಇದರಲ್ಲಿ ದೊಡ್ಡ ವ್ಯತ್ಯಾಸ ಕಾಣಿಸುವುದೇ ಇಲ್ಲ. ಪಟಾಕಿಯೂ ಅದೇ, ಮದ್ದೂ ಅದೇ, ತೂಕವೂ ಅಷ್ಟೇ. ಇನ್ನೇನು ಬದಲಾಯಿತು?

ಒಂದು ಶೆಲ್ಲಿನ ಒಳಗೆ ಏನಿರುತ್ತದೆ ನೋಡಿ. ತಳದಲ್ಲಿ ಎತ್ತುವ ಮದ್ದು. ಇದು ಹಳೆಯ ಕಪ್ಪು ಮದ್ದೇ, ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದರ ಮೇಲೆ ಗಟ್ಟಿ ಕಾಗದದ ಉಂಡೆ. ಉಂಡೆಯೊಳಗೆ ಬಣ್ಣ ಕೊಡುವ ಗುಳಿಗೆಗಳು, ಅವನ್ನು ಚೆದುರಿಸಲು ಒಡೆಯುವ ಮದ್ದು. ಎತ್ತುವ ಮದ್ದಿಗೂ ಒಡೆಯುವ ಮದ್ದಿಗೂ ನಡುವೆ ನಿಧಾನವಾಗಿ ಉರಿಯುವ ಬತ್ತಿ. ಎಲ್ಲವೂ ಕಾಗದದ ಪದರದೊಳಗೆ, ಅಳತೆಯಲ್ಲಿ, ಎತ್ತುವ ಮದ್ದು ಉಂಡೆಯೊಳಗಿನ ಮದ್ದಿಗೆ ಮುಟ್ಟದಂತೆ. ಅಂಥ ಒಂದು ಶೆಲ್ ಅಕಸ್ಮಾತ್ ಹೊತ್ತಿಕೊಂಡರೆ ಪಕ್ಕದ್ದಕ್ಕೆ ಬೆಂಕಿ ತಲುಪಲು ಎರಡೂ ಕಡೆಯ ಹೊದಿಕೆ ದಾಟಬೇಕು. ಅಷ್ಟು ಹೊತ್ತಿನಲ್ಲಿ ಮನುಷ್ಯ ನಾಲ್ಕು ಹೆಜ್ಜೆ ಓಡಬಹುದು. ಅದೇ ಮದ್ದನ್ನು ಬಿಚ್ಚಿ ಒಂದು ಚೀಲಕ್ಕೆ ಸುರಿದರೆ ಈ ತಡೆ ಯಾವುದೂ ಇಲ್ಲ. ಒಂದು ಕಾಳಿಗೆ ಕಿಡಿ ತಾಗಿದರೆ ಇಡೀ ಚೀಲಕ್ಕೆ ತಾಗಿದ ಹಾಗೆ. ಮದ್ದಿಗೆ ಬೇಕಾದ ಆಮ್ಲಜನಕ ಪೆಟ್ಲುಪ್ಪಿನೊಳಗೇ ಇರುತ್ತದೆ, ಹಾಗಾಗಿ ಮೇಲೆ ಏನಾದರೂ ಮುಚ್ಚಿ ಆರಿಸೋಣ ಎಂದರೂ ಆರುವುದಿಲ್ಲ.

ಲೇಬಲ್‌ನ ವಿಷಯವೂ ಇಲ್ಲೇ ಬರುತ್ತದೆ. 1.4 ಅಥವಾ 1.3 ಎಂಬ ವಿಶ್ವಸಂಸ್ಥೆಯ ವರ್ಗ ಕೊಡುವುದು ಪ್ಯಾಕ್ ಆದ ವಸ್ತುವಿಗೆ, ಅದರ ಪೆಟ್ಟಿಗೆಯ ಸಮೇತ. 1.4 ಅಂದರೆ ಹೊತ್ತಿಕೊಂಡರೂ ಅಪಾಯ ಹೆಚ್ಚೂಕಡಿಮೆ ಆ ಪೆಟ್ಟಿಗೆಯೊಳಗೇ ಉಳಿಯುತ್ತದೆ ಎಂಬ ಭರವಸೆ. ಕೊಯ್ದ ಕ್ಷಣಕ್ಕೆ ಆ ಭರವಸೆ ಮುಗಿಯಿತು. ಸಡಿಲವಾದ ಕಪ್ಪು ಮದ್ದಿನ ವರ್ಗ 1.1, ಇದ್ದದ್ದೆಲ್ಲ ಒಟ್ಟಿಗೆ ಸಿಡಿಯುವ ಜಾತಿ. ಅಂದರೆ ಸುರಕ್ಷತೆಗೆಂದು ಮಾಡಿದ ಬಿಚ್ಚುವ ಕೆಲಸ ಕಡಿಮೆ ಅಪಾಯದ ಸರಕನ್ನು ಅತಿ ಅಪಾಯದ ಸರಕಾಗಿ ಮಾಡಿತ್ತು. 

ಪ್ಲಾಸ್ಟಿಕ್ ಚೀಲವನ್ನೂ ಮರೆಯಬಾರದು. ಒಣ ಪುಡಿ ಪ್ಲಾಸ್ಟಿಕ್ ಮೇಲೆ ಜಾರುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡು ಕುರ್ಚಿಯಿಂದ ಏಳುವಾಗಲೂ ಹುಟ್ಟುತ್ತದೆ. ಮದ್ದಿನ ಕೋಣೆಗಳಲ್ಲಿ ಹತ್ತಿ ಬಟ್ಟೆ, ನೆಲಕ್ಕೆ ವಿದ್ಯುತ್ ಇಳಿಸುವ ತಂತಿ, ಕಿಡಿ ಹಾರಿಸದ ಹಿತ್ತಾಳೆ ಅಥವಾ ಮರದ ಸಲಕರಣೆ ಇರಬೇಕು ಎನ್ನುವುದು ಇದಕ್ಕೇ. ಇಡೀ ಪಟಾಕಿ ಪೆಟ್ಟಿಗೆ ಎತ್ತಿಡುವಾಗ ಈ ಮುನ್ನೆಚ್ಚರಿಕೆ ಅತಿಯಾಯಿತು ಅನಿಸಬಹುದು. ಮದ್ದು ಹೊರಗೆ ಬಂದ ಮೇಲೆ ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ.

ಮಳೆ ಬಂದಾಗ

ಕೊಯ್ಯುವ, ಬಿಚ್ಚುವ ಕೆಲಸವನ್ನು ಗೋದಾಮಿನ ಹೊರಗೆ ಮೇಲ್ಚಾವಣಿಯಂತೆ ಕಟ್ಟಿದ ಟೆಂಟ್ ಕೆಳಗೆ ಮಾಡುತ್ತಿದ್ದರು. ಆವತ್ತು ಮಳೆ ಬಂತು. ಕೆಲಸಗಾರರು ಸುರಂಗದ ಒಳಗೆ, ಬಾಗಿಲ ಬಳಿ ಸರಿದರು. ಬಿಚ್ಚಿದ ಮದ್ದಿನ ಪೆಟ್ಟಿಗೆಗಳೂ ಅಲ್ಲೇ ಇದ್ದವು.

ಮಳೆ ಬಂದರೆ ಒಳಗೆ ಹೋಗುವುದು ಯಾರಾದರೂ ಮಾಡುವ ಕೆಲಸ. ಅದನ್ನು ನಿರ್ಲಕ್ಷ್ಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆದರೆ ಆ ಹತ್ತಾರು ಹೆಜ್ಜೆಯಲ್ಲಿ ಎಷ್ಟೆಲ್ಲ ಬದಲಾಯಿತು ನೋಡಿ. ಹೊರಗೆ ಸಡಿಲ ಮದ್ದು ಹೊತ್ತಿಕೊಂಡರೆ ಭಗ್ಗನೆ ಉರಿದು ಒತ್ತಡ ಸುತ್ತಲೂ ಚೆದುರುತ್ತದೆ. ಸುಡುತ್ತದೆ, ಜೀವವನ್ನೂ ತೆಗೆಯಬಹುದು, ಆದರೂ ಎಲ್ಲ ದಿಕ್ಕಿಗೂ ಓಡಲು ದಾರಿ ಇದೆ. ಸುರಂಗದಲ್ಲಿ ಬಿಸಿ ಅನಿಲಕ್ಕೆ ಹೋಗಲು ಒಂದೇ ದಾರಿ, ಮನುಷ್ಯರಿಗೂ ಅದೇ ದಾರಿ. ಮದ್ದು ಇದ್ದದ್ದು ಆ ದಾರಿಯಲ್ಲೇ. ಕಪ್ಪು ಮದ್ದಿನ ಮುಖ್ಯ ಗುಣವೇ ಇದು: ಬಯಲಲ್ಲಿ ಸ್ವಲ್ಪ ಸುರಿದು ಹಚ್ಚಿದರೆ ಉರಿಯುತ್ತದೆ, ನಾಲ್ಕು ಕಡೆ ಮುಚ್ಚಿ ಹಚ್ಚಿದರೆ ಸಿಡಿಯುತ್ತದೆ. ಪಟಾಕಿ ಕಟ್ಟುವವರು ಬಳಸಿಕೊಳ್ಳುವುದೂ ಇದನ್ನೇ.

ಬೆಳಿಗ್ಗೆ ಒಂಬತ್ತು ಗಂಟೆಯ ಆಸುಪಾಸಿನಲ್ಲಿ ಮದ್ದು ಹೊತ್ತಿಕೊಂಡಿತು.

ಕಿಡಿ ಎಲ್ಲಿಂದ ಬಂತು

ತನಿಖೆ ನಡೆಸಿದ್ದು ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್, ಚುಟುಕಾಗಿ ಸಿಎಸ್‌ಬಿ. ಇದು ದಂಡ ಹಾಕುವ ಸಂಸ್ಥೆ ಅಲ್ಲ, ಕಾರಣ ಹುಡುಕಿ ಶಿಫಾರಸು ಮಾಡುವ ಸ್ವತಂತ್ರ ಸಂಸ್ಥೆ. ವರದಿ ಹೊರಬಂದದ್ದು 2013ರ ಜನವರಿಯಲ್ಲಿ. ನೆಲದ ಮೇಲೆ ಚೆಲ್ಲಿದ ಪುಡಿಯ ಮೇಲೆ ಕುರ್ಚಿ ಎಳೆದಾಗ ಅಥವಾ ಕೈಗಾಡಿ ಉರುಳಿದಾಗ ಆಗುವ ಉಜ್ಜಾಟ, ಲೋಹಕ್ಕೆ ಲೋಹ ತಾಗಿ ಹಾರುವ ಕಿಡಿ, ಸ್ಥಿರ ವಿದ್ಯುತ್ ಇಂಥವು ಸಾಧ್ಯತೆಗಳು.

ಓದುವವರು ಸಾಮಾನ್ಯವಾಗಿ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಕುರ್ಚಿಯಾ, ಗಾಡಿಯಾ ಎಂದು ವಾದ ಶುರುವಾಗುತ್ತದೆ. ಆ ವಾದದಿಂದ ಪ್ರಯೋಜನ ಕಡಿಮೆ. ಐದು ಜನ ಓಡಾಡುವ ಜಾಗದಲ್ಲಿ ಕುರ್ಚಿ ಎಳೆಯುತ್ತಾರೆ, ಗಾಡಿ ತಳ್ಳುತ್ತಾರೆ, ಕೈಯಿಂದ ಕತ್ತರಿ ಜಾರಿ ಬೀಳುತ್ತದೆ. ಇವೆಲ್ಲ ದಿನಾ ಆಗುವಂಥವು. ದಿನಾ ಆಗುವ ಒಂದು ಸಣ್ಣ ಸಂಗತಿ ಐದು ಜೀವ ತೆಗೆಯುವ ಹಾಗೆ ಕೆಲಸದ ಜಾಗ ಇದೆ ಎಂದರೆ, ತಪ್ಪು ಆ ಸಣ್ಣ ಸಂಗತಿಯದ್ದಲ್ಲ. ಅಷ್ಟೊಂದು ಸಡಿಲ ಮದ್ದು, ಅಷ್ಟು ಜನರ ಮಧ್ಯೆ, ಮುಚ್ಚಿದ ಜಾಗದಲ್ಲಿ ಯಾಕಿತ್ತು ಎಂಬ ಪ್ರಶ್ನೆಯೇ ಮುಖ್ಯ.

ಕೇಳಬೇಕಾದವರು ಯಾರು

ಸಿಎಸ್‌ಬಿ ವರದಿಯ ಹೆಚ್ಚಿನ ಭಾಗ ಈ ಪ್ರಶ್ನೆಯ ಸುತ್ತಲೇ ಇದೆ. ಕಂಪನಿ ಮಾಡಿದ್ದ ಅಪಾಯದ ಪರಿಶೀಲನೆ ಸಾಲದಾಗಿತ್ತು, ಬಿಚ್ಚಿ ರಾಶಿ ಹಾಕುವ ಕೆಲಸದ ಅಪಾಯ ಅದರಲ್ಲಿ ಸರಿಯಾಗಿ ಸಿಕ್ಕಿರಲಿಲ್ಲ. ವಿಧಾನ ಬದಲಾದಾಗ ಕೆಲಸ ನಿಲ್ಲಿಸಿ, ಪಟಾಕಿ ಗೊತ್ತಿರುವವರ ಜೊತೆ ಕೂತು, ಹೊಸ ಹಂತವನ್ನು ಮೊದಲಿಂದ ನೋಡುವ ಪದ್ಧತಿ ಇರಲಿಲ್ಲ. ರಾಸಾಯನಿಕ ಕಾರ್ಖಾನೆಗಳಲ್ಲಿ ಇಂಥ ಪದ್ಧತಿ ಇರುತ್ತದೆ, ಒಂದು ವಾಲ್ವ್ ಬದಲಿಸಿದರೂ ಕಾಗದ ಓಡಾಡುತ್ತದೆ.

ಮೇಲಿನವರೂ ಕೇಳಲಿಲ್ಲ. ಗುತ್ತಿಗೆದಾರರನ್ನು ಆರಿಸುವಾಗ ಪಟಾಕಿ ನಾಶದ ಅನುಭವ ಮತ್ತು ಸುರಕ್ಷತೆಯ ದಾಖಲೆಯನ್ನು ಗಟ್ಟಿಯಾಗಿ ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಕೆಲಸ ಶುರುವಾದ ಮೇಲೆ ನಿಗಾ ಇಡುವ ಏರ್ಪಾಡೂ ಸಾಲದು. ಸುಡಲು ರಾಜ್ಯದ ಆರೋಗ್ಯ ಇಲಾಖೆಯಿಂದ ತುರ್ತು ಅನುಮತಿ ಪಡೆದಿದ್ದರು, ಆದರೆ ಅಂಥ ಅನುಮತಿಯ ಗಮನ ಅಪಾಯಕಾರಿ ಕಸದ ಮೇಲೆ, ಪರಿಸರದ ಮೇಲೆ. ಕಸ ಬಿಚ್ಚುವ ಮನುಷ್ಯನ ಮೇಲೆ ಅಲ್ಲ.

ಕಾನೂನಿನಲ್ಲೂ ತೂತು ಇತ್ತು. ಅಮೆರಿಕದಲ್ಲಿ ಪಟಾಕಿ ತಯಾರಿಸುವವರಿಗೆ ಕಾರ್ಮಿಕ ಸುರಕ್ಷತಾ ಇಲಾಖೆಯ ಕಟ್ಟುನಿಟ್ಟಾದ ನಿಯಮ ಇದೆ: ಅಪಾಯದ ಅಧ್ಯಯನ, ಬದಲಾವಣೆಗೆ ಮೊದಲು ಪರಿಶೀಲನೆ, ತರಬೇತಿ, ಎಲ್ಲವೂ. ಅದೇ ಪಟಾಕಿಯನ್ನು ಬಿಚ್ಚಿ ನಾಶ ಮಾಡುವವರಿಗೆ ಆ ನಿಯಮ ಅನ್ವಯ ಆಗುತ್ತಿರಲಿಲ್ಲ. ತಯಾರಿಸುವಾಗ ಮದ್ದು ಕೊಳವೆಗೆ ಹೋಗುತ್ತದೆ, ನಾಶ ಮಾಡುವಾಗ ಕೊಳವೆಯಿಂದ ಹೊರಗೆ ಬರುತ್ತದೆ. ಕೂತು ಕೆಲಸ ಮಾಡುವವನ ಮುಂದೆ ಇರುವ ಅಪಾಯ ಒಂದೇ. ಈ ಭೇದಕ್ಕೆ ನನಗಂತೂ ಸಮರ್ಥನೆ ಕಾಣುವುದಿಲ್ಲ.

ಸ್ಫೋಟಕ ಅಥವಾ ಪಟಾಕಿಯ ಕೆಲಸಕ್ಕೆ ಕೇಂದ್ರ ಸರ್ಕಾರ ಗುತ್ತಿಗೆ ಕೊಡುವಾಗ ಸುರಕ್ಷತೆಯನ್ನು ಆಯ್ಕೆಯ ಭಾಗವಾಗಿ ಮಾಡಬೇಕು, ಪಟಾಕಿ ನಾಶಕ್ಕೆ ಪ್ರತ್ಯೇಕ ಮಾರ್ಗಸೂಚಿ ಬರಬೇಕು ಎಂದು ಸಿಎಸ್‌ಬಿ ಶಿಫಾರಸು ಮಾಡಿತು.

ಬೇರೆ ದಾರಿ ಇತ್ತಾ?

ಇತ್ತು. ಮೊದಲನೆಯದು, ಬಿಚ್ಚದೇ ಇರುವುದು. ಕೊಯ್ಯುವ ಅಗತ್ಯವೇ ಬಾರದ ವಿಧಾನ ಇದ್ದರೆ ಅದನ್ನೇ ಆರಿಸಬೇಕು, ಜಾಸ್ತಿ ದಿನ ಹಿಡಿದರೂ ಸರಿ. ಸ್ವಲ್ಪ ಸ್ವಲ್ಪವಾಗಿ ಸುಡಲು ಮುಚ್ಚಿದ ಒಲೆಗಳು, ಬಯಲಲ್ಲಿ ಗುಂಡಿಗಳು, ಹೆಚ್ಚು ಹೊತ್ತು ನೆನೆಸುವುದು, ಹೀಗೆ. ನೀರು ಹಾಕಿದರೆ ಮುಗಿಯಿತಲ್ಲ ಎಂದು ತುಂಬಾ ಜನ ಕೇಳುತ್ತಾರೆ. ನೀರು ಒಳ್ಳೆಯದೇ, ಆದರೆ ಒದ್ದೆಯಾದ ಕಪ್ಪು ಮದ್ದು ಒಣಗಿದ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. ಮೆಗ್ನೀಸಿಯಂ ಪುಡಿಯಂಥವು ನೀರಿನ ಜೊತೆ ಸೇರಿ ಬಿಸಿಯಾಗುತ್ತವೆ, ಹೈಡ್ರೋಜನ್ ಬಿಡುತ್ತವೆ. ಒಳಗೆ ಏನಿದೆ ಗೊತ್ತಿಲ್ಲದ ಜಪ್ತಿ ಮಾಲಿಗೆ ಕಣ್ಣುಮುಚ್ಚಿ ನೀರು ಸುರಿದು ಪೆಟ್ಟಿಗೆ ಮುಚ್ಚಿಡುವುದು ಸರಿಯಲ್ಲ.

ಬಿಚ್ಚಲೇಬೇಕು ಎಂದಾದರೆ ಮದ್ದಿನ ಕೆಲಸದ ಹಳೆಯ ನಿಯಮ ಒಂದಿದೆ: ಎಷ್ಟು ಕಡಿಮೆ ಜನ ಸಾಧ್ಯವೋ ಅಷ್ಟು ಜನ, ಎಷ್ಟು ಕಡಿಮೆ ಮದ್ದು ಸಾಧ್ಯವೋ ಅಷ್ಟು ಮದ್ದು, ಎಷ್ಟು ಕಡಿಮೆ ಹೊತ್ತು ಸಾಧ್ಯವೋ ಅಷ್ಟು ಹೊತ್ತು. ಒಬ್ಬರು ಕೊಯ್ಯಬೇಕು, ಒಂದು ಸಣ್ಣ ಡಬ್ಬಿ ತುಂಬಿದ ಕೂಡಲೇ ಅದು ಅಲ್ಲಿಂದ ದೂರ ಹೋಗಬೇಕು ಅಥವಾ ಆಗಲೇ ಡೀಸೆಲ್‌ಗೆ ಬೀಳಬೇಕು, ನೆಲದ ಮೇಲೆ ಬಿದ್ದ ಪುಡಿಯನ್ನು ಮೃದುವಾದ ಕುಂಚದಲ್ಲಿ ಆಗಿಂದಾಗ್ಗೆ ಗುಡಿಸಬೇಕು, ಉಳಿದವರು ಗೋಡೆಯ ಆಚೆ ಇರಬೇಕು. ನಿಧಾನ ಆಗುತ್ತದೆ, ಹೌದು. ನಿಧಾನ ಆಗುತ್ತದೆ ಎಂಬುದನ್ನು ಗುತ್ತಿಗೆಯ ಬೆಲೆಯಲ್ಲೇ ಸೇರಿಸಬೇಕು. ಸೇರಿಸದಿದ್ದರೆ ಆ ಸಮಯವನ್ನು ಉಳಿಸುವ ಹೊರೆ ಕತ್ತರಿ ಹಿಡಿದವನ ಮೇಲೆ ಬೀಳುತ್ತದೆ.

ಹಾರಿಸಿ ನೋಡುವ ಜಾಗದಲ್ಲಿ

ಪಟಾಕಿಯನ್ನು ಪರೀಕ್ಷೆಗೆಂದು ಹಾರಿಸುವ ಕಡೆ ಇದೇ ಬಲೆ ಬೇರೆ ರೂಪದಲ್ಲಿ ಇರುತ್ತದೆ. ಪರೀಕ್ಷೆ ಅಂದರೆ ಬರೀ ಹಾರಿಸುವುದಲ್ಲ. ಅಮೆರಿಕದಲ್ಲಿ ಸಾಮಾನ್ಯ ಜನರಿಗೆ ಮಾರುವ ಶೆಲ್ಲಿನಲ್ಲಿ ಒಟ್ಟು ಮದ್ದು 60 ಗ್ರಾಂ ದಾಟಬಾರದು. ಅದನ್ನು ನೋಡಲು ಶೆಲ್ ಕೊಯ್ದು ಮದ್ದು ತೂಗಲೇಬೇಕು. ಅಂದರೆ ವೈಕೆಲೆಯ ಕೆಲಸವೇ, ಸಣ್ಣ ಪ್ರಮಾಣದಲ್ಲಿ. ಒಂದು ತೂಗಿ, ಅದನ್ನು ಅಲ್ಲಿಂದ ತೆಗೆದು, ಆಮೇಲೆ ಇನ್ನೊಂದನ್ನು ಕೊಯ್ಯುವವರೆಗೆ ಅದು ಸಣ್ಣದಾಗಿಯೇ ಇರುತ್ತದೆ. ಇವತ್ತು ಸ್ಯಾಂಪಲ್ ಜಾಸ್ತಿ ಇದೆ, ಎಲ್ಲ ಕೊಯ್ದು ಆಮೇಲೆ ಒಟ್ಟಿಗೆ ತೂಗೋಣ ಎಂದರೆ ಮೇಜಿನ ಮೇಲೆ ರಾಶಿ ಬೆಳೆಯುತ್ತದೆ.

ಹಾರಿಸುವಾಗ ದೂರದ ಲೆಕ್ಕ ಇದೆ. ಅಮೆರಿಕದ ಪ್ರದರ್ಶನ ಪಟಾಕಿಯ ಮಾನದಂಡದಲ್ಲಿ ಶೆಲ್ಲಿನ ವ್ಯಾಸದ ಪ್ರತಿ ಇಂಚಿಗೆ 70 ಅಡಿ ದೂರ, ಅಂದರೆ 3 ಇಂಚಿನ ಶೆಲ್‌ಗೆ 210 ಅಡಿ, ಸುಮಾರು 64 ಮೀಟರ್. ಇದು ನೋಡುವ ಜನರಿಗೆ. ಹಾರಿಸುವವರು ಅಷ್ಟು ದೂರ ಇರದೇ ಇರಬಹುದು, ಹಾಗಾಗಿ ಅವರಿಗೆ ತಡೆಗೋಡೆ, ಹೆಲ್ಮೆಟ್, ಕಣ್ಣಿಗೆ ಮತ್ತು ಕಿವಿಗೆ ರಕ್ಷಣೆ ಬೇಕು, ಉದ್ದ ತೋಳಿನ ಹತ್ತಿ ಬಟ್ಟೆ ಬೇಕು. ತಲೆಯಾಗಲಿ, ಕೈಯಾಗಲಿ, ಯಾವ ಕಾರಣಕ್ಕೂ ಕೊಳವೆಯ ಬಾಯಿಯ ನೇರಕ್ಕೆ ಬರಬಾರದು, ತುಂಬುವಾಗಲೂ.

ಕಷ್ಟ ಬರುವುದು ಪಟಾಕಿ ಠುಸ್ ಆದಾಗ. ಬತ್ತಿ ಆರಿದೆಯೋ, ಒಳಗೆ ನಿಧಾನವಾಗಿ ಉರಿಯುತ್ತಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಆಗ ಪರೀಕ್ಷೆ ಮಾಡುವವರ ತಲೆಯಲ್ಲಿ ಇರುವುದು ಬಾಕಿ ಉಳಿದ ಸ್ಯಾಂಪಲ್‌ಗಳು, ಮುಗಿಯುತ್ತಿರುವ ಬೆಳಕು, ಕಾಯುತ್ತಿರುವ ಜನ. ಒಂದು ಸಲ ಬಗ್ಗಿ ನೋಡೋಣ ಎನಿಸುವುದು ಆಗಲೇ. ಎಷ್ಟು ಹೊತ್ತು ಕಾಯಬೇಕು, ವಿದ್ಯುತ್ ತಂತಿಯಿಂದ ಹಚ್ಚುತ್ತಿದ್ದರೆ ಮೊದಲು ತಂತಿ ಬಿಚ್ಚಿ ಅದರ ಎರಡು ತುದಿ ಜೋಡಿಸುವವರು ಯಾರು, ಹತ್ತಿರ ಹೋಗುವ ಒಬ್ಬರು ಯಾರು, ಎಷ್ಟು ದೂರದಿಂದ ನೀರು ಹಾಕಬೇಕು ಎಂಬುದನ್ನು ಆ ಕ್ಷಣಕ್ಕೆ ಬಿಡಬಾರದು. ಮೊದಲೇ ಬರೆದಿರಬೇಕು. ಬರೆದದ್ದನ್ನು ಬದಲಿಸುವ ಅಧಿಕಾರ ಅಲ್ಲಿ ನಿಂತವರಿಗೆ ಇರಬಾರದು, ಕೆಲಸ ನಿಲ್ಲಿಸುವ ಅಧಿಕಾರ ಮಾತ್ರ ಅವರಲ್ಲಿ ಪ್ರತಿಯೊಬ್ಬರಿಗೂ ಇರಬೇಕು.

ಮಳೆ, ಗುಡುಗು, ಜೋರು ಗಾಳಿಗೂ ಇದೇ ಮಾತು. ಗುಡುಗು ಕೇಳಿಸಿದರೆ ಹಚ್ಚುವ ವಿದ್ಯುತ್ ತಂತಿ ಜೋಡಿಸಿದ ಕೊಳವೆಗಳ ಹತ್ತಿರ ಯಾರೂ ಇರುವಂತಿಲ್ಲ. ಮಳೆ ಬಂದರೆ ಬಿಚ್ಚಿದ ಮದ್ದನ್ನು ಅದಕ್ಕೆಂದೇ ಗೊತ್ತು ಮಾಡಿದ ಮುಚ್ಚಿದ ಡಬ್ಬಿಗೆ ಹಾಕಿ, ಅದಕ್ಕೆಂದೇ ಇರುವ ಜಾಗದಲ್ಲಿಟ್ಟು, ಜನ ಬೇರೆ ಕಡೆಗೆ ಹೋಗಬೇಕು. ಮದ್ದು ಮತ್ತು ಜನ ಒಂದೇ ಸೂರಿನ ಕೆಳಗೆ ಸೇರಬಾರದು. ಇವತ್ತಿನ ಕೆಲಸ ಮುಗಿಯಲಿಲ್ಲ ಎಂದು ಗುತ್ತಿಗೆ ಕೊಟ್ಟವರಿಗೆ ಫೋನ್ ಮಾಡಿ ಹೇಳುವುದು ಯಾರು ಎಂಬುದನ್ನೂ ಆ ಕಾಗದದಲ್ಲೇ ಹೆಸರಿನ ಸಮೇತ ಬರೆದಿಡುವುದು ಒಳ್ಳೆಯದು.